ಕ್ಲೌಡ್‌ನಲ್ಲಿರುವ ಹಾಡು ಇಳಿಯುತ್ತಿಲ್ಲವೇ? ತಪ್ಪು ಎಲ್ಲಿದೆ ಎಂದು ಹಿಡಿಯುವ ಬಗೆ

ಕೂಡಿಟ್ಟ ಹಾಡುಗಳನ್ನೆಲ್ಲ ಕ್ಲೌಡ್‌ಗೆ ಏರಿಸಿಟ್ಟವರಿಗೆ ಡೌನ್‌ಲೋಡ್ ಸಮಯದಲ್ಲಿ ಎದುರಾಗುವ ತೊಂದರೆಗಳು ಮೂರು ಬಗೆಯವು. ಹಾಡು ಪಟ್ಟಿಯಲ್ಲಿ ಕಾಣುತ್ತದೆ, ಒತ್ತಿದರೆ ಇಳಿಯುವುದೇ ಇಲ್ಲ. ಇಲ್ಲವೇ ಅರ್ಧ ಇಳಿದು ನಿಲ್ಲುತ್ತದೆ. ಅಥವಾ ಪೂರ್ತಿ ಇಳಿದಂತೆ ಕಂಡರೂ ಪ್ಲೇಯರ್‌ನಲ್ಲಿ ತೆರೆಯುವುದಿಲ್ಲ. ಮೂರಕ್ಕೂ ಕಾರಣ ಬೇರೆ, ಪರಿಹಾರವೂ ಬೇರೆ. ಆದರೆ ಹೆಚ್ಚಿನ ಆ್ಯಪ್‌ಗಳು ಮೂರಕ್ಕೂ ‘ಏನೋ ತಪ್ಪಾಗಿದೆ, ಮತ್ತೆ ಪ್ರಯತ್ನಿಸಿ’ ಎಂಬ ಒಂದೇ ಸಾಲನ್ನು ತೋರಿಸುತ್ತವೆ. ಅದನ್ನು ನಂಬಿ ಒತ್ತುತ್ತಲೇ ಇದ್ದರೆ ಸರ್ವರ್ ನಿಮ್ಮ ಖಾತೆಯನ್ನೇ ಸ್ವಲ್ಪ ಹೊತ್ತು ತಡೆಹಿಡಿಯಬಹುದು. ಆಗ ಮೂಲ ತೊಂದರೆಯ ಮೇಲೆ ಇನ್ನೊಂದು ತೊಂದರೆ ಸೇರಿ, ಯಾವುದು ಯಾವುದೆಂದು ತಿಳಿಯದಾಗುತ್ತದೆ.

ಮೊದಲು ಮುಟ್ಟಬಾರದ ಗುಂಡಿಗಳು

ಸೈನ್ ಔಟ್ ಆಗುವುದು, ಆ್ಯಪ್‌ನ ಡೇಟಾ ಅಳಿಸುವುದು, ಆ್ಯಪ್ ತೆಗೆದು ಮತ್ತೆ ಹಾಕುವುದು: ಎಲ್ಲರೂ ಮೊದಲು ಹೇಳುವ ಸಲಹೆಗಳು ಇವೇ. ಇವನ್ನು ಕೊನೆಗೆ ಇಟ್ಟುಕೊಳ್ಳಿ. ಹೀಗೆ ಮಾಡಿದರೆ ಈಗಾಗಲೇ ಸರಿಯಾಗಿ ಇಳಿದು ಕೂತಿರುವ ಹಾಡುಗಳೂ ಅಳಿಸಿಹೋಗುತ್ತವೆ. ಐಫೋನ್‌ನಲ್ಲಿ ‘ಸಿಂಕ್ ಲೈಬ್ರರಿ’ ಆಫ್ ಮಾಡಿದರೂ ಆಪಲ್ ಮ್ಯೂಸಿಕ್‌ನಿಂದ ಇಳಿಸಿಕೊಂಡದ್ದು ಫೋನಿನಿಂದ ಹೋಗುತ್ತದೆ. ಒಂದು ಹಾಡಿನ ತೊಂದರೆ ಸರಿಪಡಿಸಲು ಹೋಗಿ ಐದು ಸಾವಿರ ಹಾಡುಗಳನ್ನು ಮತ್ತೆ ಇಳಿಸುವ ಪಾಡು ಬೇಡ. ಲೆಕ್ಕ ಹಾಕಿ ನೋಡಿ: 256 ಕೆಬಿಪಿಎಸ್‌ನ ನಾಲ್ಕು ನಿಮಿಷದ ಹಾಡು ಸುಮಾರು 7.7 ಎಂಬಿ. ಅಂಥ 5,000 ಹಾಡೆಂದರೆ 38 ಜಿಬಿ. ಸೆಕೆಂಡಿಗೆ 20 ಮೆಗಾಬಿಟ್ ವೇಗ ಎಲ್ಲೂ ಕುಗ್ಗದೆ ಸಿಕ್ಕರೂ ನಾಲ್ಕು ತಾಸಿಗಿಂತ ಹೆಚ್ಚು ಬೇಕು.

ಇನ್ನೊಂದು ಮುಖ್ಯ ಮಾತು. ಇಳಿಯದ ಹಾಡನ್ನು ‘ಲೈಬ್ರರಿಯಿಂದ ತೆಗೆದು ಮತ್ತೆ ಸೇರಿಸುವ’ ಮುನ್ನ ಅದು ಎಲ್ಲಿಂದ ಬಂದದ್ದು ಎಂದು ನೋಡಿ. ಸೇವೆಯ ಕೆಟಲಾಗ್‌ನ ಹಾಡಾದರೆ ಮತ್ತೆ ಹುಡುಕಿ ಸೇರಿಸಬಹುದು. ನೀವೇ ಏರಿಸಿದ ಹಾಡಾದರೆ, ಮೂಲ ಫೈಲ್ ನಿಮ್ಮ ಬಳಿ ಇಲ್ಲದಿದ್ದರೆ, ಕ್ಲೌಡ್‌ನಲ್ಲಿರುವುದೇ ಉಳಿದಿರುವ ಒಂದೇ ಪ್ರತಿ. ಅದನ್ನು ಅಳಿಸಿದರೆ ಮುಗಿಯಿತು.

ಒಂದೇ ಹಾಡು ಹಿಡಿದು ಪರೀಕ್ಷಿಸಿ

ಇಡೀ ಲೈಬ್ರರಿಯ ಡೌನ್‌ಲೋಡ್ ನಿಲ್ಲಿಸಿ, ತಪ್ಪು ತೋರಿಸುತ್ತಿರುವ ಒಂದೇ ಹಾಡನ್ನು ಆರಿಸಿಕೊಳ್ಳಿ. ಮೊದಲು ಅದನ್ನು ಇಳಿಸದೆ, ಇಂಟರ್ನೆಟ್ ಮೂಲಕ ನೇರವಾಗಿ ಕೊನೆಯವರೆಗೆ ನುಡಿಸಿ ನೋಡಿ. ಕೊನೆಯವರೆಗೂ ನುಡಿದರೆ ಸರ್ವರ್‌ನಲ್ಲಿರುವ ಫೈಲ್ ಚೆನ್ನಾಗಿದೆ, ತೊಂದರೆ ಇಳಿಸುವ ದಾರಿಯಲ್ಲೋ ನಿಮ್ಮ ಸಾಧನದಲ್ಲೋ ಇದೆ. ನೇರವಾಗಿಯೂ ನುಡಿಯದಿದ್ದರೆ ಡೌನ್‌ಲೋಡ್‌ನ ಸೆಟ್ಟಿಂಗ್ ಬದಲಿಸಿ ಫಲ ಸಿಗುವುದು ಅಪರೂಪ.

ಆಮೇಲೆ ಅದೇ ಹಾಡನ್ನು ಬೇರೆ ನೆಟ್‌ವರ್ಕ್‌ನಲ್ಲಿ ಇಳಿಸಿ. ವೈಫೈನಲ್ಲಿ ಆಗದ್ದು ಮೊಬೈಲ್ ಡೇಟಾದಲ್ಲಿ ಆದರೆ ರೂಟರ್, ವಿಪಿಎನ್, ಇಲ್ಲವೇ ಕಚೇರಿ–ಹಾಸ್ಟೆಲ್‌ನ ಫಿಲ್ಟರ್ ಕಡೆ ನೋಡಬೇಕು. ವಿಪಿಎನ್ ಹಾಕಿಕೊಂಡಿದ್ದಾಗ ಆಲ್ಬಂ ಚಿತ್ರ, ಹಾಡಿನ ಹೆಸರು ಎಲ್ಲ ಬಂದು, ಹಾಡು ಮಾತ್ರ ಸೊನ್ನೆಯಲ್ಲೇ ನಿಂತರೆ ಡೇಟಾ ಸಾಗುವ ತುಂಡಿನ, ಅಂದರೆ ಪ್ಯಾಕೆಟ್‌ನ ಗಾತ್ರ ಹೊಂದುತ್ತಿಲ್ಲ ಎಂದು ಅನುಮಾನಿಸಬಹುದು. ವಿಪಿಎನ್‌ನ ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) ಮೌಲ್ಯವನ್ನು 1400ಕ್ಕೋ ಅದಕ್ಕಿಂತ ಸ್ವಲ್ಪ ಕೆಳಕ್ಕೋ ಇಳಿಸಿ ನೋಡಿ.

ಕೊನೆಗೆ ಅದೇ ಆಲ್ಬಂನ ಇನ್ನೊಂದು ಹಾಡು. ಅದು ಇಳಿದು ಇದು ಇಳಿಯದಿದ್ದರೆ ತಪ್ಪು ಈ ಫೈಲಿಗೇ ಸೇರಿದ್ದು: ಹೆಸರು, ಗಾತ್ರ, ಫಾರ್ಮ್ಯಾಟ್ ಅಥವಾ ಅದರ ಹಕ್ಕು.

ಜತೆಗೆ ಸಾಧನದ ದಿನಾಂಕ, ಸಮಯ ಸರಿಯಿದೆಯೇ ಎಂದೂ ಒಮ್ಮೆ ನೋಡಿಬಿಡಿ. ಗಡಿಯಾರ ತಪ್ಪಿದ್ದರೆ ಸರ್ವರ್‌ನ ಭದ್ರತಾ ಪ್ರಮಾಣಪತ್ರದ ಅವಧಿ ಮುಗಿದಿದೆ ಎಂದೋ ಇನ್ನೂ ಶುರುವಾಗಿಲ್ಲ ಎಂದೋ ಸಾಧನ ತಿಳಿದು, ಸಂಪರ್ಕವನ್ನೇ ನಿರಾಕರಿಸುತ್ತದೆ. ಬಹಳ ದಿನ ಆಫ್ ಆಗಿದ್ದ ಹಳೆಯ ಟ್ಯಾಬ್ಲೆಟ್‌ಗಳಲ್ಲಿ ಇದು ಸಾಮಾನ್ಯ.

ಸಂಖ್ಯೆ ಕಂಡರೆ ಅದೇ ಸುಳಿವು

ಬ್ರೌಸರ್‌ನಲ್ಲಿ ಇಳಿಸಲು ಪ್ರಯತ್ನಿಸಿದರೆ ಆ್ಯಪ್ ಮುಚ್ಚಿಡುವ ತಪ್ಪಿನ ಸಂಖ್ಯೆ ಬಹಳ ಸಲ ಹೊರಗೆ ಬರುತ್ತದೆ. 401 ಎಂದರೆ ಲಾಗಿನ್ ಅವಧಿ ಮುಗಿದಿದೆ. ಸೈನ್ ಔಟ್ ಆಗಿ ಒಳಬರುವುದಕ್ಕೆ ನಿಜವಾದ ಕಾರಣ ಇದೊಂದೇ, ಅದನ್ನೂ ಬ್ರೌಸರ್‌ನಲ್ಲಿ ಮಾಡಿದರೆ ಸಾಕು. 404 ಎಂದರೆ ಪಟ್ಟಿಯಲ್ಲಿ ಹೆಸರಿದೆ, ಆ ಜಾಗದಲ್ಲಿ ಫೈಲ್ ಇಲ್ಲ. 429 ಎಂದರೆ ಕಡಿಮೆ ಹೊತ್ತಿನಲ್ಲಿ ತೀರಾ ಹೆಚ್ಚು ಬಾರಿ ಕೇಳಿದ್ದೀರಿ. ಒಂದೆರಡು ತಾಸು ಬಿಟ್ಟು, ಏಕಕಾಲಕ್ಕೆ ಒಂದೋ ಎರಡೋ ಹಾಡು ಮಾತ್ರ ಇಳಿಯುವಂತೆ ಮಾಡಿ. 500ರಿಂದ ಶುರುವಾಗುವ ಸಂಖ್ಯೆಗಳು ಸರ್ವರ್ ಕಡೆಯ ತೊಂದರೆ, ನಿಮ್ಮಿಂದ ಆಗುವುದೇನಿಲ್ಲ; ಸರ್ವರ್ ನಿಮ್ಮದೇ ಆಗಿದ್ದರೆ ಮಾತು ಬೇರೆ, ಅದು ಮುಂದೆ ಬರುತ್ತದೆ.

403 ಸ್ವಲ್ಪ ಗೊಂದಲ ಹುಟ್ಟಿಸುವ ಸಂಖ್ಯೆ. ಅನುಮತಿ ಇಲ್ಲ ಎಂಬುದು ಅದರ ಅರ್ಥವಾದರೂ, ಸಂಗೀತದ ಡೌನ್‌ಲೋಡ್‌ನಲ್ಲಿ ಅದು ಅವಧಿ ಮುಗಿದ ಲಿಂಕ್‌ನಿಂದಲೂ ಬರುತ್ತದೆ. ಅನೇಕ ಸೇವೆಗಳು ಫೈಲಿಗೆ ತಾತ್ಕಾಲಿಕ ಲಿಂಕ್ ಕೊಡುತ್ತವೆ, ಅದು ಸ್ವಲ್ಪ ಹೊತ್ತಿನ ಮೇಲೆ ಕೆಲಸ ಮಾಡುವುದಿಲ್ಲ. ರಾತ್ರಿ ಡೌನ್‌ಲೋಡ್ ಪಾಸ್ ಮಾಡಿ ಬೆಳಿಗ್ಗೆ ರೆಸ್ಯೂಮ್ ಒತ್ತಿದರೆ 403 ಬರುವುದು ಇದಕ್ಕೇ. ಹಾಡಿನ ಪುಟಕ್ಕೆ ವಾಪಸ್ ಹೋಗಿ ಹೊಸದಾಗಿ ಡೌನ್‌ಲೋಡ್ ಒತ್ತಿದರೆ ಹೊಸ ಲಿಂಕ್ ಸಿಗುತ್ತದೆ. ಬ್ರೌಸರ್ ಮೂರನೆಯವರ ಕುಕೀಗಳನ್ನು ತಡೆದಿದ್ದರೂ ಗೂಗಲ್ ಡ್ರೈವ್‌ನಂಥ ಕಡೆ ಇದೇ ಸಂಖ್ಯೆ ಕಾಣಿಸಬಹುದು.

ಇಳಿದಿದೆ, ಆದರೆ ತೆರೆಯುವುದಿಲ್ಲ

ಇಲ್ಲಿ ಮೊದಲು ನೋಡಬೇಕಾದ್ದು ಫೈಲಿನ ಗಾತ್ರ. ನಾಲ್ಕು ನಿಮಿಷದ ಎಂಪಿ3 ಕೆಲವೇ ಕೆಬಿ ಇದ್ದರೆ ಅದು ಹಾಡೇ ಅಲ್ಲ. ಸರ್ವರ್ ಕಳಿಸಿದ ತಪ್ಪಿನ ಪುಟವೋ, ಹೋಟೆಲ್ ಅಥವಾ ವಿಮಾನ ನಿಲ್ದಾಣದ ವೈಫೈನ ಲಾಗಿನ್ ಪುಟವೋ ಹಾಡಿನ ಹೆಸರಿನಲ್ಲಿ ಸೇವ್ ಆಗಿ ಕೂತಿದೆ.

ಖಚಿತಪಡಿಸಿಕೊಳ್ಳಲು ಆ ಫೈಲನ್ನು ನೋಟ್‌ಪ್ಯಾಡ್‌ನಂಥ ಸಾದಾ ಎಡಿಟರ್‌ನಲ್ಲಿ ತೆರೆಯಿರಿ. ಏನನ್ನೂ ಬದಲಿಸಬೇಡಿ, ಸೇವ್ ಮಾಡಬೇಡಿ, ಮೊದಲ ಸಾಲನ್ನು ಮಾತ್ರ ನೋಡಿ. ಟ್ಯಾಗ್ (ಫೈಲಿನೊಳಗೇ ಬರೆದ ಹಾಡಿನ ವಿವರ) ಇರುವ ಎಂಪಿ3 ಸಾಮಾನ್ಯವಾಗಿ ‘ಐಡಿ3’ ಎಂಬ ಮೂರು ಇಂಗ್ಲಿಷ್ ಅಕ್ಷರಗಳಿಂದ ಶುರುವಾಗುತ್ತದೆ. ಫ್ಲ್ಯಾಕ್ ಫೈಲಿನ ಮೊದಲ ನಾಲ್ಕು ಅಕ್ಷರ ‘ಎಫ್ ಎಲ್ ಎ ಸಿ’, ಮೊದಲಿನದೂ ಮೂರನೆಯದೂ ಸಣ್ಣಕ್ಷರ. ಆಗ್ ಫೈಲಿನಲ್ಲಿ ‘ಆಗ್‌ಎಸ್’, ವೇವ್ ಫೈಲಿನಲ್ಲಿ ‘ರಿಫ್’, ಎಂ4ಎ ಫೈಲಿನಲ್ಲಿ ಐದನೇ ಅಕ್ಷರದಿಂದ ‘ಎಫ್ ಟಿ ವೈ ಪಿ’, ಜಿಪ್‌ನಲ್ಲಿ ‘ಪಿಕೆ’. ಉಳಿದದ್ದು ಓದಲಾಗದ ಗೊಂದಲದ ಅಕ್ಷರಗಳಾಗಿದ್ದರೆ ಅದು ಸರಿಯೇ. ಬದಲಿಗೆ ಕೋನಾಕಾರದ ಆವರಣದೊಳಗೆ ‘ಎಚ್‌ಟಿಎಂಎಲ್’ ಎಂದು ಕಂಡರೆ ಅದು ವೆಬ್ ಪುಟ. ಇನ್ನಷ್ಟು ಕೆಳಗೆ ಓದಿದರೆ ಆ್ಯಪ್ ಹೇಳದೆ ಬಿಟ್ಟ ನಿಜವಾದ ಕಾರಣ ಅಲ್ಲೇ ಬರೆದಿರುತ್ತದೆ.

ಫೈಲಿನ ಹೆಸರು ಎಂಪಿ3 ಎಂದಿದ್ದು ಒಳಗೆ ಎಂ4ಎ ಗುರುತು ಇದ್ದರೆ ಕೊನೆಯ ಮೂರಕ್ಷರ ಬದಲಿಸಿದರೆ ಸಾಕು. ಆದರೆ ಎಂ4ಪಿ ಎಂದಿದ್ದರೆ ಅದಕ್ಕೆ ಬೀಗ ಇದೆ. ಆಪಲ್ ಮ್ಯೂಸಿಕ್‌ನ ಕೆಟಲಾಗ್‌ನಿಂದ ಇಳಿದ ಹಾಡು ಬೇರೆ ಪ್ಲೇಯರ್‌ನಲ್ಲಿ ತೆರೆಯದೇ ಇರುವುದು ಡೌನ್‌ಲೋಡ್‌ನ ತಪ್ಪಲ್ಲ. ಚಂದಾ ಇರುವವರೆಗೆ, ಅದೇ ಆ್ಯಪ್‌ನಲ್ಲಿ ಮಾತ್ರ ಅದು ನುಡಿಯುತ್ತದೆ.

ಕಂಪ್ಯೂಟರ್‌ನಲ್ಲಿ ಒನ್‌ಡ್ರೈವ್ ಅಥವಾ ಐಕ್ಲೌಡ್ ಡ್ರೈವ್ ಬಳಸುವವರು ಇನ್ನೊಂದನ್ನು ಗಮನಿಸಬೇಕು. ಫೋಲ್ಡರ್‌ನಲ್ಲಿ ಹಾಡಿನ ಹೆಸರು, ಗಾತ್ರ ಎರಡೂ ಕಾಣುತ್ತವೆ, ಒಳಗೆ ಹಾಡು ಇರುವುದಿಲ್ಲ. ತೆರೆದಾಗ ಮಾತ್ರ ಇಳಿಯುವ ವ್ಯವಸ್ಥೆ ಅದು. ಪಕ್ಕದಲ್ಲಿ ಮೋಡದ ಚಿಹ್ನೆ ಇದ್ದರೆ ಇನ್ನೂ ಇಳಿದಿಲ್ಲ ಎಂದರ್ಥ. ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ, ‘ಯಾವಾಗಲೂ ಈ ಸಾಧನದಲ್ಲಿ ಇರಿಸು’ ಎಂಬ ಅರ್ಥದ ಆಯ್ಕೆ ಒತ್ತಿ.

ದೊಡ್ಡ ಜಿಪ್ ನಡುದಾರಿಯಲ್ಲಿ ಕೈಕೊಟ್ಟರೆ

ಇಡೀ ಫೋಲ್ಡರ್ ಆರಿಸಿ ಡೌನ್‌ಲೋಡ್ ಒತ್ತಿದಾಗ ಬ್ರೌಸರ್ ಒಟ್ಟು ಗಾತ್ರವನ್ನೂ ಉಳಿದ ಸಮಯವನ್ನೂ ತೋರಿಸದೆ, ಇಷ್ಟು ಎಂಬಿ ಬಂತು ಎಂದಷ್ಟೇ ಎಣಿಸುತ್ತಿದ್ದರೆ ಎಚ್ಚರವಿರಲಿ. ಸರ್ವರ್ ಆ ಜಿಪ್ಪನ್ನು ಆಗಲೇ ಕಟ್ಟುತ್ತಾ ಕಳಿಸುತ್ತಿದೆ. ಒಟ್ಟು ಎಷ್ಟಾಗುತ್ತದೆ ಎಂದು ಅದಕ್ಕೂ ಗೊತ್ತಿಲ್ಲ. ಸಾಮಾನ್ಯವಾಗಿ ಅಂಥ ಡೌನ್‌ಲೋಡ್ ಕಡಿದರೆ ಬಿಟ್ಟ ಜಾಗದಿಂದ ಮುಂದುವರಿಸಲು ಆಗುವುದಿಲ್ಲ, ಮೊದಲಿನಿಂದ ಶುರು. ಕೆಟ್ಟದ್ದೆಂದರೆ, ಕಡಿದದ್ದನ್ನೇ ಮುಗಿದದ್ದೆಂದು ಬ್ರೌಸರ್ ತಿಳಿಯುವ ಸಂಭವವೂ ಇದೆ. ಜಿಪ್ಪಿನ ಒಳಗಿನ ಪಟ್ಟಿ ಇರುವುದು ಫೈಲಿನ ಕೊನೆಯಲ್ಲಿ. ಕೊನೆ ಬಾರದಿದ್ದರೆ ‘ಆರ್ಕೈವ್ ಹಾಳಾಗಿದೆ’ ಎನ್ನುತ್ತದೆ.

ಪರಿಹಾರ ಸರಳ: ಒಂದೊಂದೇ ಆಲ್ಬಂ, ಅಥವಾ ಒಬ್ಬ ಕಲಾವಿದರ ಫೋಲ್ಡರ್‌ನಂತೆ ಸಣ್ಣ ಕಂತುಗಳಲ್ಲಿ ಇಳಿಸಿ. ಇನ್ನೂ ಒಳ್ಳೆಯದು ಸೇವೆಯ ಡೆಸ್ಕ್‌ಟಾಪ್ ಸಿಂಕ್ ಆ್ಯಪ್. ಅದು ಫೈಲ್ ಫೈಲಾಗಿ ತರುವುದರಿಂದ ಕಡಿದರೂ ಒಂದೇ ಹಾಡು ಹೋಗುತ್ತದೆ. ಸಾವಿರಾರು ಫೈಲ್ ಇದ್ದರೆ ಆರ್‌ಕ್ಲೋನ್ ಎಂಬ ಉಚಿತ ಉಪಕರಣಕ್ಕೆ ಸಾಟಿಯಿಲ್ಲ ಎಂದು ಧೈರ್ಯವಾಗಿ ಹೇಳಬಹುದು. ಕಮಾಂಡ್ ಬರೆಯಬೇಕೆಂಬ ಹಿಂಜರಿಕೆ ಬೇಡ. ಅದು ಏಕಕಾಲಕ್ಕೆ ನಾಲ್ಕು ಫೈಲ್ ತರುತ್ತದೆ, ಸೋತರೆ ತಾನೇ ಮೂರು ಬಾರಿ ಪ್ರಯತ್ನಿಸುತ್ತದೆ. 429 ಬರುತ್ತಿದ್ದರೆ ನಾಲ್ಕನ್ನು ಎರಡಕ್ಕೆ ಇಳಿಸಬಹುದು.

ಜಾಗದ ಲೆಕ್ಕವನ್ನೂ ಮೊದಲೇ ಹಾಕಿ. 20 ಜಿಬಿಯ ಜಿಪ್ ಇಳಿಸಿ ಬಿಚ್ಚಲು 40 ಜಿಬಿಗಿಂತ ಹೆಚ್ಚು ಬೇಕು, ಏಕೆಂದರೆ ಎಂಪಿ3ಯನ್ನು ಜಿಪ್ ಮಾಡಿದರೆ ಗಾತ್ರ ಹೆಚ್ಚು ಕುಗ್ಗುವುದಿಲ್ಲ. ಪೆನ್‌ಡ್ರೈವ್ ಅಥವಾ ಮೆಮೊರಿ ಕಾರ್ಡ್‌ಗೆ ನೇರವಾಗಿ ಇಳಿಸುತ್ತಿದ್ದು, ಪ್ರತಿ ಸಲವೂ 4 ಜಿಬಿ ಹತ್ತಿರ ಬಂದಾಗ ನಿಂತರೆ ಆ ಡ್ರೈವ್ ಫ್ಯಾಟ್32 ಮಾದರಿಯದ್ದು. ಅದರಲ್ಲಿ ಒಂದು ಫೈಲ್ 4 ಜಿಬಿ ಮೀರುವಂತಿಲ್ಲ. ಒಳಗಿರುವುದನ್ನು ಬೇರೆ ಕಡೆ ನಕಲು ಮಾಡಿಕೊಂಡು ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ.

ಎರಡು ಸೇವೆಗಳ ಒಳಗುಟ್ಟು

ಯೂಟ್ಯೂಬ್ ಮ್ಯೂಸಿಕ್‌ಗೆ 1,00,000 ಹಾಡುಗಳವರೆಗೆ ಏರಿಸಬಹುದು. ಆ್ಯಪ್‌ನಲ್ಲಿ ಒತ್ತುವ ಡೌನ್‌ಲೋಡ್ ಆ್ಯಪ್‌ನ ಒಳಗೆ ಕೇಳಲು ಮಾತ್ರ. ನೀವು ಏರಿಸಿದ ಫೈಲ್‌ಗಳು ನಿಮ್ಮ ಡಿಸ್ಕ್‌ಗೆ ವಾಪಸ್ ಬೇಕೆಂದರೆ ದಾರಿ ಗೂಗಲ್ ಟೇಕ್‌ಔಟ್. ಅಲ್ಲಿ ಎಲ್ಲ ಟಿಕ್‌ಗಳನ್ನೂ ತೆಗೆದು, ಯೂಟ್ಯೂಬ್ ಮತ್ತು ಯೂಟ್ಯೂಬ್ ಮ್ಯೂಸಿಕ್ ಒಂದನ್ನೇ ಆರಿಸಿ. ಅದರ ಒಳಗಿನ ಪಟ್ಟಿ ತೆರೆದು, ಏರಿಸಿದ ಸಂಗೀತಕ್ಕೆ ಸಂಬಂಧಿಸಿದ ಆಯ್ಕೆ ಮಾತ್ರ ಉಳಿಸಿ. ಇದನ್ನು ಬಿಟ್ಟರೆ ನಿಮ್ಮ ವಿಡಿಯೊಗಳೂ ಸೇರಿಕೊಂಡು ಆರ್ಕೈವ್ ಬೆಟ್ಟದಷ್ಟಾಗುತ್ತದೆ. ತುಂಡಿನ ಗಾತ್ರ 2 ಜಿಬಿ ಇಟ್ಟರೆ ತುಂಡುಗಳ ಸಂಖ್ಯೆ ಹೆಚ್ಚಾದರೂ ಪ್ರತಿಯೊಂದೂ ಸುಲಭವಾಗಿ ಇಳಿಯುತ್ತದೆ. ಲಿಂಕ್ ಸುಮಾರು ಏಳು ದಿನ ಮಾತ್ರ ಇರುತ್ತದೆ, ಒಂದು ಆರ್ಕೈವನ್ನು ಐದು ಸಲಕ್ಕಿಂತ ಹೆಚ್ಚು ಇಳಿಸಲು ಬಿಡುವುದಿಲ್ಲ. ಕೈಕೊಡುವ ನೆಟ್‌ವರ್ಕ್‌ನಲ್ಲಿ ಸುಮ್ಮನೆ ಪ್ರಯತ್ನಿಸಿದರೆ ಆ ಐದೂ ಖರ್ಚಾಗಿ, ಹೊಸದಾಗಿ ಕೋರಿಕೆ ಹಾಕಬೇಕಾಗುತ್ತದೆ.

ಆಪಲ್‌ನಲ್ಲಿ ಪತ್ತೆ ಹಚ್ಚುವ ಕೆಲಸ ಫೋನಿನಲ್ಲಿ ಆಗುವುದಿಲ್ಲ, ಕಂಪ್ಯೂಟರ್ ಬೇಕು. ಮ್ಯೂಸಿಕ್ ಆ್ಯಪ್‌ನಲ್ಲಿ ಹಾಡುಗಳ ಪಟ್ಟಿ ತೆರೆದು, ಮೇಲಿನ ಶೀರ್ಷಿಕೆ ಸಾಲಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ಕ್ಲೌಡ್ ಸ್ಟೇಟಸ್’ ಕಾಲಂ ಸೇರಿಸಿ. ಪ್ರತಿ ಹಾಡಿನ ನಿಜಸ್ಥಿತಿ ಅಲ್ಲಿದೆ. ‘ಮ್ಯಾಚ್ಡ್’ ಎಂದಿದ್ದರೆ ನಿಮ್ಮ ಫೈಲ್ ಏರಿಲ್ಲ, ಆಪಲ್ ಬಳಿಯಿದ್ದ ಅದೇ ಹಾಡಿಗೆ ಜೋಡಿಸಲಾಗಿದೆ. ‘ಅಪ್‌ಲೋಡೆಡ್’ ಎಂದರೆ ನಿಮ್ಮದೇ ಏರಿದೆ. ‘ವೇಟಿಂಗ್’ ಎಂದರೆ ಇನ್ನೂ ಏರಿಯೇ ಇಲ್ಲ, ಆದ್ದರಿಂದ ಬೇರೆ ಸಾಧನದಲ್ಲಿ ಇಳಿಯುವ ಮಾತಿಲ್ಲ. ಫೈಲ್ ಮೆನುವಿನ ಲೈಬ್ರರಿಯಲ್ಲಿರುವ ‘ಅಪ್‌ಡೇಟ್ ಕ್ಲೌಡ್ ಲೈಬ್ರರಿ’ ಒತ್ತಿ ಕಾಯಿರಿ. ‘ಇನೆಲಿಜಿಬಲ್’ ಎಂದರೆ ಏರಿಸಲು ಅರ್ಹವಲ್ಲ: 200 ಎಂಬಿ ಮೀರಿದ ಅಥವಾ ಎರಡು ತಾಸಿಗಿಂತ ಉದ್ದದ ಫೈಲ್‌ಗಳು ಇದಕ್ಕೆ ಸೇರುತ್ತವೆ. ಇಡೀ ರಾತ್ರಿಯ ಕಛೇರಿಯನ್ನು ಒಂದೇ ಫೈಲಾಗಿ ಇಟ್ಟುಕೊಂಡವರು ಅದನ್ನು ತುಂಡು ಮಾಡಿ ಏರಿಸಬೇಕು. ‘ನೋ ಲಾಂಗರ್ ಅವೈಲಬಲ್’ ಎಂದರೆ ಕೆಟಲಾಗ್‌ನಿಂದಲೇ ಹಾಡನ್ನು ತೆಗೆದಿದ್ದಾರೆ, ಎಷ್ಟು ಒತ್ತಿದರೂ ಇಳಿಯದು. ‘ಎರರ್’ ಎಂದಿದ್ದರೆ ಬಹಳ ಸಲ ಮೂಲ ಫೈಲೇ ಕೆಟ್ಟಿರುತ್ತದೆ. ಅದರ ಹೊಸ ಪ್ರತಿ ತಯಾರಿಸಿ ಮತ್ತೆ ಏರಿಸಬೇಕು.

ಒಂದು ವಿಷಯ ತಿಳಿದಿರಲಿ: ವೇವ್ ಅಥವಾ ಆಪಲ್ ಲಾಸ್‌ಲೆಸ್ ಏರಿಸಿದರೂ ವಾಪಸ್ ಬರುವುದು 256 ಕೆಬಿಪಿಎಸ್‌ನ ಎಎಸಿ. ‘ಫೈಲ್ ಚಿಕ್ಕದಾಗಿ ಇಳಿದಿದೆ, ಅರ್ಧಕ್ಕೇ ಕಡಿದಿರಬೇಕು’ ಎಂದು ಗಾಬರಿಯಾಗುವ ಮುನ್ನ ಹಾಡಿನ ಅವಧಿ ನೋಡಿ.

ಕನ್ನಡದ ಹೆಸರಿರುವ ಫೈಲ್‌ಗಳು

ಇಂಗ್ಲಿಷ್ ಹೆಸರಿನ ಹಾಡುಗಳೆಲ್ಲ ಇಳಿದು, ಕನ್ನಡದಲ್ಲಿ ಉದ್ದ ಹೆಸರಿಟ್ಟವು ಮಾತ್ರ ನಿಂತರೆ ಕಾರಣ ಬೈಟ್‌ಗಳ ಲೆಕ್ಕ. ಲಿನಕ್ಸ್ ಸರ್ವರ್‌ಗಳಲ್ಲಿ ಸಾಮಾನ್ಯವಾದ ಎಕ್ಸ್‌ಟಿ4 ಎಂಬ ಫೈಲ್ ವ್ಯವಸ್ಥೆಯಲ್ಲಿ ಒಂದು ಫೈಲಿನ ಹೆಸರು 255 ಬೈಟ್ ಮೀರುವಂತಿಲ್ಲ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದ ಪ್ರತಿ ಯೂನಿಕೋಡ್ ಚಿಹ್ನೆಗೆ ಯುಟಿಎಫ್-8 ಎಂಬ ಬರೆಯುವ ಕ್ರಮದಲ್ಲಿ ಮೂರು ಬೈಟ್. ಒತ್ತಕ್ಷರ, ಗುಣಿತದ ಚಿಹ್ನೆ, ವಿರಾಮ (ಅರ್ಧಾಕ್ಷರದ ಚಿಹ್ನೆ) ಎಲ್ಲವೂ ಪ್ರತ್ಯೇಕ ಲೆಕ್ಕ. ‘ಸ್ತ್ರೀ’ ಎಂಬುದು ಕಣ್ಣಿಗೆ ಒಂದೇ ಅಕ್ಷರ. ಒಳಗೆ ಸ, ವಿರಾಮ, ತ, ವಿರಾಮ, ರ, ದೀರ್ಘ ಈಕಾರ ಎಂದು ಆರು ಚಿಹ್ನೆ, 18 ಬೈಟ್. ಹೀಗೆ 85 ಚಿಹ್ನೆಗೆ ಮಿತಿ ಮುಗಿಯುತ್ತದೆ. ಹಾಡಿನ ಪಲ್ಲವಿ, ಚಿತ್ರದ ಹೆಸರು, ಗಾಯಕರು, ಸಂಯೋಜಕರು ಎಲ್ಲವನ್ನೂ ಫೈಲ್ ಹೆಸರಿಗೇ ಸೇರಿಸಿದರೆ ಇದು ಸುಲಭವಾಗಿ ಮೀರುತ್ತದೆ. ಇ-ಕ್ರಿಪ್ಟ್‌ಎಫ್‌ಎಸ್ ಬಳಸಿದ ಗೂಢಲಿಪೀಕೃತ ಫೋಲ್ಡರ್‌ನಲ್ಲಿ ಮಿತಿ 143 ಬೈಟ್, ಅಂದರೆ 47 ಚಿಹ್ನೆ ಅಷ್ಟೇ. ವಿಂಡೋಸ್‌ನ ಫೈಲ್ ವ್ಯವಸ್ಥೆಯಾದ ಎನ್‌ಟಿಎಫ್‌ಎಸ್ ಬೇರೆ ರೀತಿ ಎಣಿಸುವುದರಿಂದ ಅದೇ ಹೆಸರು ಅಲ್ಲಿ ತಕರಾರಿಲ್ಲದೆ ಕೂರುತ್ತದೆ, ಅದಕ್ಕೇ ತಪ್ಪು ಎಲ್ಲೆಂದು ಹೊಳೆಯುವುದಿಲ್ಲ.

ಇನ್ನೂ ಸೂಕ್ಷ್ಮವಾದದ್ದು ಒಂದಿದೆ. ಕನ್ನಡದ ೀ, ೇ, ೈ, ೊ, ೋ ಸ್ವರಚಿಹ್ನೆಗಳನ್ನು ಯೂನಿಕೋಡ್‌ನಲ್ಲಿ ಇಡಿಯಾಗಿಯೂ ಬರೆಯಬಹುದು, ಬಿಡಿಸಿಯೂ ಬರೆಯಬಹುದು. ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕ್‌ಗಳು ಬಿಡಿಸಿ ಇಡುತ್ತವೆ. ಅಲ್ಲಿಂದ ಲಿನಕ್ಸ್ ಸರ್ವರ್‌ಗೆ ಬಂದ ‘ಗೀತೆ’ಯೂ ನೀವು ಟೈಪ್ ಮಾಡಿದ ‘ಗೀತೆ’ಯೂ ಪರದೆಯ ಮೇಲೆ ಒಂದೇ, ಬೈಟ್‌ಗಳಲ್ಲಿ ಬೇರೆ. ಪಟ್ಟಿಯಲ್ಲಿ ಕಾಣುವ ಫೈಲ್ ‘ಸಿಗಲಿಲ್ಲ’ ಎಂದು 404 ಬರುವುದಕ್ಕೆ ಇದೂ ಒಂದು ಕಾರಣ. ಸರ್ವರ್‌ನಲ್ಲಿ ಆ ಫೈಲಿಗೆ ಮತ್ತೊಮ್ಮೆ ಹೆಸರು ಟೈಪ್ ಮಾಡಿ ಲೈಬ್ರರಿಯನ್ನು ಮರುಸ್ಕ್ಯಾನ್ ಮಾಡಿ.

ಫೈಲಿನ ಹೆಸರನ್ನು ಚಿಕ್ಕದಾಗಿಟ್ಟು, ‘03 ಗೀತೆ’ ಎನ್ನುವಂತೆ, ಉಳಿದ ವಿವರವನ್ನೆಲ್ಲ ಟ್ಯಾಗ್‌ಗೆ ಹಾಕುವುದು ಒಳ್ಳೆಯ ಪದ್ಧತಿ. ಟ್ಯಾಗ್‌ಗೆ ಈ ಮಿತಿ ಇಲ್ಲ. ವಿಂಡೋಸ್‌ಗೆ ಇಳಿಸುವುದಾದರೆ ಹೆಸರಿನಲ್ಲಿ ಪ್ರಶ್ನಾರ್ಥಕ ಚಿಹ್ನೆ, ಕೋಲನ್, ನಕ್ಷತ್ರ, ಜೋಡಿ ಉದ್ಧರಣ ಚಿಹ್ನೆ, ಓರೆಗೆರೆ, ಲಂಬಗೆರೆ, ಕೋನಾಕಾರದ ಆವರಣ ಇರಬಾರದು, ಹೆಸರಿನ ಕೊನೆಯಲ್ಲಿ ಚುಕ್ಕಿಯೂ ಬೇಡ. ಪೂರ್ಣ ಪಥ 260 ಅಕ್ಷರ ಮೀರಿದರೂ ಅನೇಕ ಪ್ರೋಗ್ರಾಂಗಳು ಸೋಲುತ್ತವೆ. ಡ್ರೈವ್‌ನ ಮೊದಲ ಹಂತದಲ್ಲೇ ಚಿಕ್ಕ ಹೆಸರಿನ ಫೋಲ್ಡರ್ ಮಾಡಿ ಅಲ್ಲಿಗೆ ಇಳಿಸಿ.

ಸರ್ವರ್ ನಿಮ್ಮದೇ ಆಗಿದ್ದರೆ

ನ್ಯಾವಿಡ್ರೋಮ್, ಜೆಲ್ಲಿಫಿನ್, ನೆಕ್ಸ್ಟ್‌ಕ್ಲೌಡ್‌ನಂಥ ಸ್ವಂತ ಸರ್ವರ್ ತಂತ್ರಾಂಶ ನಡೆಸುವವರು ಮೊದಲು ನೋಡಬೇಕಾದ್ದು ಬಳಕೆದಾರರಿಗೆ ಡೌನ್‌ಲೋಡ್ ಅನುಮತಿ ಇದೆಯೇ ಎಂದು. ಕೇಳುವ ಅನುಮತಿಯೇ ಬೇರೆ, ಇಳಿಸುವ ಅನುಮತಿಯೇ ಬೇರೆ. ಪ್ರೋಗ್ರಾಂಗಳನ್ನು ಪ್ರತ್ಯೇಕ ಪೆಟ್ಟಿಗೆಯಲ್ಲಿ (ಕಂಟೇನರ್) ಇಡುವ ಡಾಕರ್‌ನಲ್ಲಿ ನಡೆಸುತ್ತಿದ್ದರೆ ಕಂಟೇನರ್‌ನ ಬಳಕೆದಾರನಿಗೆ ಸಂಗೀತದ ಫೋಲ್ಡರ್ ಓದುವ ಹಕ್ಕಿದೆಯೇ ನೋಡಿ. ಫೋಲ್ಡರ್‌ಗಳನ್ನು ಜಾಗ ಬದಲಿಸಿದ್ದರೆ ಪೂರ್ತಿ ಮರುಸ್ಕ್ಯಾನ್ ಬೇಕು.

ಸರ್ವರ್‌ನ ಮುಂದೆ ಕೋರಿಕೆಗಳನ್ನು ದಾಟಿಸುವ ಎನ್‌ಜಿನ್‌ಎಕ್ಸ್ ಪ್ರಾಕ್ಸಿ ಇಟ್ಟಿದ್ದು, ದೊಡ್ಡ ಡೌನ್‌ಲೋಡ್‌ಗಳೆಲ್ಲ 1 ಜಿಬಿಯ ಆಸುಪಾಸಿನಲ್ಲೇ ಕಡಿಯುತ್ತಿದ್ದರೆ ಅದು ಕಾಕತಾಳೀಯವಲ್ಲ. ಎನ್‌ಜಿನ್‌ಎಕ್ಸ್ ಹಿಂದಿನ ಸರ್ವರ್‌ನಿಂದ ವೇಗವಾಗಿ ತೆಗೆದುಕೊಂಡದ್ದನ್ನು ತಾತ್ಕಾಲಿಕ ಫೈಲಿನಲ್ಲಿ ತುಂಬಿಡುತ್ತದೆ. ಅದರ ಡೀಫಾಲ್ಟ್ ಮಿತಿ 1024 ಎಂಬಿ. ತುಂಬಿದ ಮೇಲೆ ಓದುವುದನ್ನು ನಿಲ್ಲಿಸುತ್ತದೆ, ನಿಮ್ಮ ಸಂಪರ್ಕ ನಿಧಾನವಾಗಿದ್ದರೆ ಹಿಂದಿನ ಸರ್ವರ್ ಕಾದು ಬೇಸತ್ತು ಸಂಪರ್ಕ ಮುಚ್ಚುತ್ತದೆ. ತಾತ್ಕಾಲಿಕ ಫೈಲಿನ ಗರಿಷ್ಠ ಗಾತ್ರವನ್ನು ಸೊನ್ನೆಗೆ ಇಳಿಸಿ, ಅಥವಾ ಪ್ರಾಕ್ಸಿ ಬಫರಿಂಗ್ ಅನ್ನೇ ಆಫ್ ಮಾಡಿ. 60 ಸೆಕೆಂಡಿಗೆ ಸರಿಯಾಗಿ 504 ಬಂದರೆ ಓದುವ ಕಾಲಮಿತಿಯ ಡೀಫಾಲ್ಟ್ ಅಷ್ಟೇ ಇದೆ, ಅದನ್ನು ಹೆಚ್ಚಿಸಿ.

ಫೋನಿನಲ್ಲಿ

ಪರದೆ ಆರಿದೊಡನೆ ಡೌನ್‌ಲೋಡ್ ನಿಂತರೆ ಬ್ಯಾಟರಿ ಉಳಿತಾಯದ ವ್ಯವಸ್ಥೆ ಆ್ಯಪನ್ನು ಮಲಗಿಸುತ್ತಿದೆ. ಆಂಡ್ರಾಯ್ಡ್‌ನಲ್ಲಿ ಆ ಆ್ಯಪ್‌ಗೆ ಬ್ಯಾಟರಿ ನಿರ್ಬಂಧ ತೆಗೆಯಿರಿ, ಡೇಟಾ ಸೇವರ್ ಆಫ್ ಮಾಡಿ. ವೈಫೈ ಇಲ್ಲದಾಗ ‘ಕಾಯುತ್ತಿದೆ’ ಎಂದೇ ಇದ್ದರೆ ಆ್ಯಪ್‌ನಲ್ಲಿ ವೈಫೈ ಮಾತ್ರ ಎಂಬ ಆಯ್ಕೆ ಆನ್ ಇದೆ. ನಿನ್ನೆ ಇಳಿದಿದ್ದ ಹಾಡು ಇವತ್ತು ಮಾಯವಾದರೆ, ಐಫೋನ್‌ನಲ್ಲಿ ‘ಆಪ್ಟಿಮೈಸ್ ಸ್ಟೋರೇಜ್’ ನೋಡಿ; ಜಾಗ ಕಡಿಮೆಯಾದಾಗ ಬಹಳ ದಿನ ಕೇಳದ ಹಾಡುಗಳನ್ನು ಅದು ತಾನೇ ತೆಗೆಯುತ್ತದೆ.

ಇಳಿದದ್ದು ಪೂರ್ತಿ ಇಳಿದಿದೆಯೇ

ಹಾಡಿನ ಮೊದಲ ಅರ್ಧ ನಿಮಿಷ ಕೇಳಿ ಸರಿಯಿದೆ ಎನ್ನಬೇಡಿ. ಕಡಿದ ಎಂಪಿ3 ಕೂಡ ಕಡಿದ ಜಾಗದವರೆಗೆ ಚೆನ್ನಾಗಿಯೇ ನುಡಿಯುತ್ತದೆ. ಕೊನೆಯ ಹತ್ತು ಸೆಕೆಂಡಿಗೆ ಹಾರಿ ಕೇಳಿ. ಫ್ಲ್ಯಾಕ್ ಆದರೆ ಕೆಲಸ ಇನ್ನೂ ಸುಲಭ: ಸಾಮಾನ್ಯವಾಗಿ ಫೈಲಿನ ತಲೆಯಲ್ಲೇ ಮೂಲ ಧ್ವನಿಯ ಎಂಡಿ5 ಗುರುತು (ತಾಳೆ ನೋಡಲು ಬಳಸುವ ಸಂಕೇತ) ಇರುತ್ತದೆ, ಫ್ಲ್ಯಾಕ್ ಉಪಕರಣದ ಟೆಸ್ಟ್ ಆಯ್ಕೆ ಇಡೀ ಫೋಲ್ಡರನ್ನು ಅದರೊಂದಿಗೆ ತಾಳೆ ನೋಡಿ ಕೆಟ್ಟದ್ದನ್ನು ಹೆಸರು ಹಿಡಿದು ಹೇಳುತ್ತದೆ. ಆರ್‌ಕ್ಲೋನ್‌ನಲ್ಲಿ ಇಳಿಸಿದವರು ಅದರದೇ ಚೆಕ್ ಆದೇಶ ಬಳಸಿ ಕ್ಲೌಡ್‌ನ ಪ್ರತಿಯನ್ನೂ ಡಿಸ್ಕಿನ ಪ್ರತಿಯನ್ನೂ ಹೋಲಿಸಬಹುದು. ಫೈಲ್‌ಗಳ ಒಟ್ಟು ಸಂಖ್ಯೆಯನ್ನೂ ಎಣಿಸಿ ನೋಡಿ; ವಿಂಡೋಸ್‌ನಲ್ಲಿ ದೊಡ್ಡಕ್ಷರ–ಸಣ್ಣಕ್ಷರದ ವ್ಯತ್ಯಾಸ ಮಾತ್ರ ಇರುವ ಎರಡು ಹೆಸರುಗಳು ಒಂದೇ ಎನಿಸಿ, ಒಂದರ ಮೇಲೆ ಇನ್ನೊಂದು ಕೂತಿರಬಹುದು.

ಇಷ್ಟರ ಮೇಲೂ ಆಗದೆ ಸಹಾಯ ಕೇಂದ್ರಕ್ಕೆ ಬರೆಯುವುದಾದರೆ ಹಾಡಿನ ಹೆಸರು, ತಪ್ಪಿನ ಸಂಖ್ಯೆ, ಅದು ಕಂಡ ದಿನಾಂಕ–ಸಮಯ, ಸಮಯ ವಲಯ, ಆ್ಯಪ್‌ನ ಆವೃತ್ತಿ, ಮೇಲೆ ಹೇಳಿದ ಒಂದು ಹಾಡಿನ ಪರೀಕ್ಷೆಯಲ್ಲಿ ಏನಾಯಿತು ಎಂಬುದನ್ನು ಮೊದಲ ಪತ್ರದಲ್ಲೇ ಕಳಿಸಿ. ಸಮಯ ನಿಖರವಾಗಿದ್ದರೆ ಅವರ ಕಡೆಯ ಲಾಗ್‌ನಲ್ಲಿ ನಿಮ್ಮ ಕೋರಿಕೆಯನ್ನು ಹುಡುಕುವುದು ಸುಲಭವಾಗುತ್ತದೆ.